ವಾಕಿಟಾಕಿಯಲ್ಲಿ ಬಂದ ಉಪ್ಪಿನ ಸುದ್ದಿ

ಮುಳಬಾಗಿಲಿನ ಸುತ್ತಮುತ್ತ ತುಳಸಮ್ಮನವರ ಕೈ ಹುಳಿ ಉಂಡವರು ಸಾವಿರಾರು ಮಂದಿ, ಅವರ ಮುಖ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಬೆಳಗಿನ ಜಾವ ಬಾವಿಯ ನೀರು ಸುರಿದುಕೊಂಡು, ಒದ್ದೆ ಸೀರೆಯ ಮಡಿಯಲ್ಲಿ ಛತ್ರದ ಹಿಂದಿನ ಅಡುಗೆಮನೆ ಹೊಕ್ಕರೆಂದರೆ, ಕೊನೆಯ ಪಂಕ್ತಿ ಕೈ ತೊಳೆಯುವವರೆಗೂ ಹೊಸಿಲು ದಾಟುತ್ತಿರಲಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಆಮೇಲೆ ನೋಡುವ ಮನಸ್ಸಿಲ್ಲ, ಅಷ್ಟು ಹೊತ್ತು ಹೊಗೆ ಕುಡಿದ ಬಾಯಿಗೆ ಮಜ್ಜಿಗೆ ಅನ್ನವೇ ಸಾಕಾಗುತ್ತಿತ್ತು. ಹಾಗಾಗಿ ತಾವು ಮಾಡಿದ ಅಡುಗೆ ಹೇಗಿತ್ತೆಂದು ಬಡಿಸುವವರ ಬಾಯಿಂದಲೇ ಕೇಳಬೇಕಿತ್ತು.

ಗಂಡ ತೀರಿಕೊಂಡು ಅಣ್ಣನ ಮನೆಗೆ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮೂಲೆಯಲ್ಲಿ ಕೂತು ಹತ್ತಿ ಬತ್ತಿ ಹೊಸೆಯುವುದು ತನ್ನಿಂದಾಗದು ಎಂದು ಬಂದ ವಾರವೇ ಹೇಳಿ, ಅಡುಗೆ ಕಂಟ್ರಾಕ್ಟರನಾಗಿದ್ದ ಅಣ್ಣನ ಕೈಯಿಂದ ಸೌಟು ಕಿತ್ತುಕೊಂಡರು. ಅಣ್ಣ ಹೋದ ಮೇಲೆ ಕಂಟ್ರಾಕ್ಟು ಅವನ ಮಗ ರಾಘವೇಂದ್ರನ ಪಾಲಿಗೆ ಬಂತು, ಸೌಟು ಅತ್ತೆಯ ಹತ್ತಿರವೇ ಉಳಿಯಿತು. ಆಗಲೇ ಅವರು ಅವನಿಂದ ಮಾತು ತೆಗೆದುಕೊಂಡಿದ್ದರು.

"ಕೈ ಕೆಟ್ಟ ದಿನ ಮುಚ್ಚಿಡದೆ ಹೇಳ್ಬಿಡ್ಬೇಕು ಕಣೋ. ಅವತ್ತೇ ಸೌಟು ಕೆಳಗಿಡ್ತೀನಿ."

ಅವನು ತಲೆ ಮುಟ್ಟಿ ಒಪ್ಪಿಕೊಂಡಿದ್ದ. ಈಗ ತುಳಸಮ್ಮನವರಿಗೆ ಎಪ್ಪತ್ತು ಹತ್ತಿರ. ಮುಂಚೆಲ್ಲ ಖಾರ ಮುಂದಾಯಿತು, ಬೆಲ್ಲ ಹಿಂದಾಯಿತು ಎಂದು ಗೊಣಗುತ್ತಿದ್ದ ಬಡಿಸುವ ಹುಡುಗರು ಈಚೆಗೆ ಏನು ಕೇಳಿದರೂ ಅಮೃತ ಅನ್ನತೊಡಗಿದ್ದರು. ಕೇಳುವ ಮುಂಚೆಯೇ ಅಮೃತ ಅಂದುಬಿಡುತ್ತಿದ್ದರು. ಹೊಗಳಿಕೆಗೆ ಹಿಗ್ಗುವ ಹೆಂಗಸೇ ಅವರು, ಆದರೆ ಇಷ್ಟು ಅಗ್ಗದ ಹೊಗಳಿಕೆ ಕೇಳಿ ಭಯವಾಗತೊಡಗಿತ್ತು.

ಹೀಗಿರುವಾಗ, ಎರಡು ಸಾವಿರದ ಆರನೆಯ ಇಸವಿ ಇರಬೇಕು, ರಾಘವೇಂದ್ರ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ನೋಡಿ ಮರುಳಾಗಿ ಒಂದು ಜೊತೆ ವಾಕಿಟಾಕಿ ತಂದ. ಛತ್ರದಲ್ಲಿ ಊಟದ ಹಾಲ್ ಮಹಡಿಯ ಮೇಲೆ, ಅಡುಗೆಮನೆ ಕೆಳಗೆ ಹಿತ್ತಲಲ್ಲಿ. ಸಾರು ಮುಗಿಯಿತೆಂದು ಒಬ್ಬ ಓಡಿ ಬಂದು ಹೇಳಿ, ಬಕೆಟ್ ಮೇಲೇರುವ ಹೊತ್ತಿಗೆ ಬೀಗರ ಕೈ ಒಣಗಿ, ಮುಖ ಊದಿರುತ್ತಿತ್ತು. ಇನ್ನು ಮೇಲೆ ಆ ಗೋಳಿಲ್ಲ, ಗುಂಡಿ ಒತ್ತಿ ಮೇಲಿಂದಲೇ ಹೇಳಿದರಾಯಿತು ಎಂದ.

ಎಲ್ಲ ಸರಿ, ಮಡಿಯಲ್ಲಿದ್ದವರು ಅದನ್ನು ಮುಟ್ಟುವುದು ಹೇಗೆ? ಈ ವಿಷಯದಲ್ಲಿ ತುಳಸಮ್ಮ ಯಾವ ಶಾಸ್ತ್ರಿಗಳನ್ನೂ ಕೇಳಲು ಹೋಗಲಿಲ್ಲ. ದನಿಗೆ ಮೈಲಿಗೆಯಿಲ್ಲ, ಡಬ್ಬಿಗೆ ಮಾತ್ರ ಇದೆ ಎಂದು ತಾವೇ ತೀರ್ಪು ಕೊಟ್ಟು, ಅದನ್ನು ಹೊಸಿಲಿನಾಚೆ ಮೊಳೆಗೆ ತಗುಲಿಹಾಕಿಸಿದರು. ಮಾತಾಡಬೇಕಾದಾಗ ಒಂದು ಸೌದೆ ಚಕ್ಕೆಯಿಂದ ಗುಂಡಿ ಒತ್ತುವುದು, ಮಾತು ಮುಗಿದ ಮೇಲೆ ಆ ಚಕ್ಕೆಯನ್ನು ಒಲೆಗೆ ಹಾಕುವುದು. ಅಗ್ನಿಗೆ ಬಿದ್ದದ್ದಕ್ಕೆ ಎಲ್ಲಿಯ ಮೈಲಿಗೆ? ಮೊದಲ ಮದುವೆಯಲ್ಲೇ ಅವರು ಅರ್ಧ ಹೊರೆ ಸೌದೆಯಷ್ಟು ಮಾತಾಡಿದರು.

ಎರಡನೆಯ ಮದುವೆಗೆ ಗಂಡಿನ ಕಡೆಯವರು ಮಾಲೂರಿನಿಂದ ಬಂದಿದ್ದರು. ಮೊದಲ ಪಂಕ್ತಿ ಕೂತಿತು. ರಾಘವೇಂದ್ರ ತನ್ನ ವಾಕಿಟಾಕಿಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ. ಅವನ ಹೊಟ್ಟೆಯೇನು ಸಾಮಾನ್ಯದ್ದಲ್ಲ, ಅದು ಗುಂಡಿಯ ಮೇಲೆ ಕೂತುಬಿಟ್ಟಿತು. ಮೇಲಿನ ಹಾಲ್ ಪೂರ್ತಿ ಕೆಳಗೆ ಕೇಳತೊಡಗಿತು. ಹೆಣ್ಣಿಗೆ ಹಾಕಿದ ಸರ ಗಟ್ಟಿಯೋ ಟೊಳ್ಳೋ ಎಂಬ ಚರ್ಚೆ, ಪಂಕ್ತಿಯ ತುದಿಯಲ್ಲಿ ಕೂತವರ ಜಗಳ, ಯಾವುದೋ ಮಗುವಿನ ಹಠ. ತುಳಸಮ್ಮ ಮಣೆ ಎಳೆದುಕೊಂಡು ಹೊಸಿಲ ಹತ್ತಿರ ಕೂತರು. ಇಷ್ಟು ವರ್ಷದಲ್ಲಿ ಅವರು ಮದುವೆಯೊಂದನ್ನು ನೋಡಿದ್ದೇ ಇಲ್ಲ, ಈಗ ಕೇಳುವುದಾದರೂ ಸಿಕ್ಕಿತಲ್ಲ ಎಂದು ಖುಷಿಯಾಯಿತು.

ಅಷ್ಟರಲ್ಲಿ ರಾಘವೇಂದ್ರನ ದನಿ ಬಂತು. ಹುಳಿಯ ಬಕೆಟ್ಟಿಗೆ ಉಪ್ಪುನೀರು ಬೆರೆಸಿದೆಯಾ ಎಂದು ಬಡಿಸುವ ಸಂಕರ್ಷಣನನ್ನು ಕೇಳುತ್ತಿದ್ದ. ಮಾಮೂಲಿನಂತೆ ಮೆಟ್ಟಿಲ ಹತ್ತಿರವೇ ಬೆರೆಸಿದೆ, ಇವತ್ತು ಎರಡು ಚೊಂಬು ಹಿಡಿಯಿತು ಎಂದ ಸಂಕರ್ಷಣ. ಅತ್ತೆಗೆ ಹೇಳಿಬಿಡುವುದೇ ಒಳ್ಳೆಯದಲ್ಲವೇ ಎಂದೂ ಕೇಳಿದ.

"ಹೇಳಿದ್ರೆ ಆ ಕ್ಷಣಾನೇ ಸೌಟು ಕೆಳಗಿಟ್ಬಿಡ್ತಾಳೆ ಕಣೋ," ಎಂದ ರಾಘವೇಂದ್ರ. "ಉಪ್ಪೇನೋ ನಾವು ಹಾಕ್ತೀವಿ. ಮಿಕ್ಕಿದ್ದನ್ನ ಯಾರು ಹಾಕ್ತಾರೆ?"

ತುಳಸಮ್ಮ ಚಕ್ಕೆ ಎತ್ತಿಕೊಂಡು ಗುಂಡಿ ಒತ್ತಿ ಬೈದರು. ಒಂದು ಕಡೆ ಗುಂಡಿ ಒತ್ತಿರುವಷ್ಟು ಹೊತ್ತು ಇನ್ನೊಂದು ಕಡೆಯ ಮಾತು ಅಲ್ಲಿಗೆ ಕೇಳದು, ಅತ್ತ ಹೊಟ್ಟೆ ಅಲುಗದೆ ಇತ್ತ ಬೈದದ್ದು ತಲುಪುವಂತಿರಲಿಲ್ಲ. ಮೂರು ಚಕ್ಕೆ ಸುಟ್ಟ ಮೇಲೆ ಸುಮ್ಮನಾಗಿ ಉಪ್ಪಿನ ಮರಿಗೆಯ ಮುಂದೆ ನಿಂತರು. ಹಿಡಿಯ ಲೆಕ್ಕ ಎಂದೂ ತಪ್ಪಿರಲಿಲ್ಲ. ಕೈ ತುಂಬ ಕಲ್ಲುಪ್ಪು ಎತ್ತಿ ನೋಡಿದರು. ಬೆರಳುಗಳು ಪೂರಾ ಮಡಚಲಿಲ್ಲ, ಸಂದಿನಿಂದ ಹರಳುಗಳು ಉದುರಿದವು. ಲೆಕ್ಕ ಅದೇ ಇತ್ತು, ಹಿಡಿ ಚಿಕ್ಕದಾಗಿತ್ತು. ಅವರಿಗೆ ಅಳು ಬಂತು. ಅಳುವುದಕ್ಕೂ ಮುಂಚೆ ಸಿಟ್ಟು ಬಂತು, ಎರಡನೆಯ ಪಂಕ್ತಿಯ ಹುಳಿಯ ಕೊಪ್ಪರಿಗೆಗೆ ಎರಡು ಕೈಯಲ್ಲೂ ಉಪ್ಪು ಬಾಚಿ ಹಾಕಿ ತಿರುಗಿಸಿದರು. ಸಂಕರ್ಷಣ ಬಂದು ಬಕೆಟ್ ತುಂಬಿಕೊಂಡಾಗ ಮುಖ ಕೊಡದೆ ಗೋಡೆ ಕಡೆ ತಿರುಗಿ ನಿಂತರು.

ಅವನು ಹೋದ ಮೇಲೆ ನೆನಪಾಯಿತು. ಮೆಟ್ಟಿಲ ಹತ್ತಿರ ಉಪ್ಪುನೀರಿನ ಚೊಂಬು ಕಾದಿದೆ! ಚಕ್ಕೆಯಿಂದ ಗುಂಡಿ ಒತ್ತಿದರು, ಉಪಯೋಗವಿಲ್ಲ. ಕೈಯಾಳುಗಳೆಲ್ಲ ಬಾವಿಕಟ್ಟೆಯಲ್ಲಿ ಪಾತ್ರೆ ಉಜ್ಜುತ್ತಿದ್ದರು. ತುಳಸಮ್ಮ ಸೆರಗು ಸಿಕ್ಕಿಸಿ ಹೊಸಿಲು ದಾಟಿದರು. ಜರಿ ಸೀರೆಗಳು, ಓಡಾಡುವ ಮಕ್ಕಳು, ಓಲಗದವರು, ಎಲ್ಲರನ್ನೂ ಮುಟ್ಟಿಸಿಕೊಂಡು, ಮಡಿಯನ್ನೆಲ್ಲ ಅಂಗಳದಲ್ಲೇ ಚೆಲ್ಲಿ ಮೆಟ್ಟಿಲು ಸೇರುವಾಗ ಸಂಕರ್ಷಣ ಚೊಂಬು ಎತ್ತಿದ್ದ.

"ಸುರೀಬೇಡ್ವೋ. ಉಪ್ಪು ನಾನೇ ಹಾಕಿದೀನಿ."

ಚೊಂಬು ಅಲ್ಲೇ ನಿಂತಿತು. ಗಲಾಟೆ ಕೇಳಿ ಇಳಿದು ಬಂದ ರಾಘವೇಂದ್ರ, ಹೊಸಿಲಿನ ಈಚೆ ಅತ್ತೆಯನ್ನು ಕಂಡು ಬೆವೆತುಹೋದ. ಸೌಟು ಕೆಳಗಿಡುವ ಮಾತು ಈಗ ಬರುತ್ತದೆಂದು ಕೈ ಮುಗಿಯಲು ಹೊರಟ. ತುಳಸಮ್ಮ ಆ ಕೈಯನ್ನೇ ಹಿಡಿದೆಳೆದು, ಬಕೆಟ್ಟಿನಿಂದ ಒಂದಿಷ್ಟು ಹುಳಿಯನ್ನು ಅವನ ಅಂಗೈಗೆ ಬಿಟ್ಟರು.

"ಅಮೃತ ಅಂದ್ರೆ ನೋಡು," ಎಂದರು. "ಬಾಯಿಗೆ ಹೇಗಿದ್ಯೋ ಹಾಗೆ ಹೇಳು."

ಅವನು ನೆಕ್ಕಿದ. ಅತ್ತೆಯ ಮುಖ ನೋಡಿದ.

"ಜಾಸ್ತಿ ಆಗಿದೆ ಅತ್ತೆ. ಚೆನ್ನಾಗೇ ಜಾಸ್ತಿ ಆಗಿದೆ."

ತುಳಸಮ್ಮನವರ ಮುಖ ಅರಳಿತು. ಬೇಯಿಸಿದ ಬೇಳೆ ಒಂದು ಪಾತ್ರೆ ಬೇರೆ ಇದೆ, ಬೆರೆಸಿದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಬೀಗರಿಗೆ ಕೋಸಂಬರಿ ಬಡಿಸುತ್ತಿರಿ ಎಂದು ಹೇಳಿ, ಮತ್ತೆ ತಲೆಗೆ ನೀರು ಸುರಿದುಕೊಳ್ಳಲು ಬಾವಿಯ ಕಡೆ ನಡೆದರು. ಅರ್ಧ ದಾರಿಯಲ್ಲಿ ತಿರುಗಿ ನಿಂತರು.

"ಮೂರನೇ ಪಂಕ್ತೀದೂ ಹೀಗೇ ಹೇಳ್ಬೇಕು ಕಣೋ."