ಹೊಸದೊಂದು ಕಲಿತೆ, ಕೇಳು

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಎದುರು ಫ್ಲ್ಯಾಟಿನ ಆಂಟಿ ನಿವೃತ್ತ ನರ್ಸ್. ಭಾನುವಾರ ಚರ್ಚಿನಿಂದ ಬಂದವರೇ ಬಾಲ್ಕನಿಯಲ್ಲಿ ಕೂತು, ಅಂದು ಪಾದ್ರಿಯ ಪ್ರಸಂಗದಲ್ಲಿ ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. "ಇವತ್ತಾದ್ರೂ ರೆಸ್ಟ್ ತಗೊಳ್ಳಿ ಆಂಟಿ" ಎಂದರೆ, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ, "ಇದೇ ಕಣಮ್ಮ ರೆಸ್ಟು. ಹೊಸದೊಂದು ಕಲಿತೆ, ಕೇಳು" ಎನ್ನುತ್ತಿದ್ದರು. ಆಮೇಲೆ ಕೇಳ್ತೀನಿ ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಮರೆವಿನ ಕಾಯಿಲೆ ಬಂದು ಚರ್ಚಿಗೆ ಹೋಗುವುದು ನಿಂತಿತು, ನೋಟ್‌ಬುಕ್ಕು ನಿಲ್ಲಲಿಲ್ಲ. ಕಳೆದ ಚಳಿಗಾಲ, ಹೊಗೆಮಂಜಿಗೆ ಬಾಲ್ಕನಿಯ ಬಾಗಿಲು ಮುಚ್ಚಿದ್ದ ಒಂದು ಭಾನುವಾರ, ನನ್ನ ಕೈ ಹಿಡಿದು ಕೂರಿಸಿಕೊಂಡರು.

"ಹೊಸದೊಂದು ಕಲಿತೆ, ಕೇಳು."

ನೋಟ್‌ಬುಕ್ಕು ತೆರೆದು ಓದಿದ್ದು ಕರ್ತನ ಪ್ರಾರ್ಥನೆ, ಚರ್ಚಿನಲ್ಲಿ ವಾರವಾರವೂ ಎಲ್ಲರೂ ಹೇಳುವುದು. ಸಂಡೇ ಸ್ಕೂಲಿನಲ್ಲಿ ನನ್ನ ಮಗಳಿಗೆ ಅವರೇ ಬಾಯಿಪಾಠ ಮಾಡಿಸಿದ್ದು. ಮುಗಿಸಿ ಕನ್ನಡಕ ತೆಗೆದರು.

"ಎಷ್ಟು ಚೆನ್ನಾಗಿದೆ ನೋಡಮ್ಮ. ಇಷ್ಟು ವರ್ಷ ನಂಗೆ ಯಾರೂ ಹೇಳೇ ಇರಲಿಲ್ಲ."