ಸೋರೆಬಳ್ಳಿಯ ಕಹಿ

ಆ ಬೇಸಿಗೆ ಹೊಸನಗರದ ನಮ್ಮ ಹಿತ್ತಿಲಿನ ಸೋರೆಬಳ್ಳಿಗೆ ಕೆಂಪು ದುಂಬಿ ಮುತ್ತಿತ್ತು. ಎಲೆಗಳೆಲ್ಲ ಜರಡಿಯಾಗಿದ್ದವು. ಒಂದನ್ನು ಮಗುಚಿದರೆ ಸಾಕು, ಒಂದರ ಮೇಲೊಂದು ಹತ್ತಿ ಕೂತಿದ್ದ ದುಂಬಿಗಳು ಪಟಪಟನೆ ಕೈಮೇಲೆ ಉದುರುತ್ತಿದ್ದವು. ಹಿಸುಕಿದರೆ ಬೆರಳಿಗೆ ಹಳದಿ ಲೋಳೆ. ಸೋಪು ಹಾಕಿ ತೊಳೆದರೂ ಊಟದ ಹೊತ್ತಿಗೆ ಅದೇ ನೆನಪಾಗುತ್ತಿತ್ತು.

ಅಂಥ ಬಳ್ಳಿಯ ಕಾಯನ್ನು ಮಾವ ದಿನಾ ಬೆಳಿಗ್ಗೆ ಹಸಿಯಾಗಿಯೇ ಮಿಕ್ಸಿಗೆ ಹಾಕಿ ಕುಡಿಯುತ್ತಿದ್ದರು. ಬದುಕಿಡೀ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆ ಬಂದಮೇಲೆ ಮೊಬೈಲಿನಲ್ಲಿ ಯಾರು ಏನು ಮದ್ದು ಹೇಳಿದರೂ ನಂಬುತ್ತಿದ್ದರು. ಒಂದು ದಿನ ಕಾಯಿ ಹೆಚ್ಚುವಾಗ ಚೂರು ನಾಲಿಗೆಗೆ ತಾಗಿಸಿ ನೋಡಿದೆ. ಎಂದಿನಂತೆ ಸಪ್ಪೆಯಲ್ಲ, ಗಂಟಲವರೆಗೂ ಕಹಿ. ಸಿಂಕಿಗೆ ಉಗಿದೆ.

"ಮಾವ, ವಿಷದ ಹಾಗಿದೆ ಇದು. ಕುಡೀಬೇಡಿ."

"ಕಹಿ ಇದ್ರೇ ಸಕ್ಕರೆ ಇಳಿಯೋದು ಮಾರಾಯ್ತಿ. ಹಾಗಲಕಾಯಿ ತಿನ್ನಲ್ವಾ ನಾವು?"

ಮೂಗು ಹಿಡಿದುಕೊಂಡು ಲೋಟ ಖಾಲಿ ಮಾಡಿದರು. ತುಸು ಹೊತ್ತಿನಲ್ಲೇ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದರು, ಆದರೆ ಅಲ್ಲಿಯವರೆಗೆ ತಡೆಯಲಿಲ್ಲ. ನಡುಮನೆಯ ತುಂಬ ಹಸಿರು ನೊರೆ. ಹಿಂದೆಯೇ ಭೇದಿ. ಪಂಚೆ ಬದಲಿಸಲು ಹೋದ ನನ್ನ ಮೊಣಕೈವರೆಗೂ ಆಯಿತು. ಮೂರನೇ ಸಲ ವಾಂತಿಯಲ್ಲಿ ರಕ್ತದ ಎಳೆ ಕಂಡಾಗ ಅಸಹ್ಯದ ಜೊತೆ ಭಯವೂ ಸೇರಿ ನಾನೂ ಕಾರಿಕೊಂಡೆ. ಗಂಡ ಕಾರು ತೆಗೆದರು.

ಸಾಗರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರಮ್ಮ ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಕಹಿ ಸೋರೆಕಾಯಿ ಯಾರಾದ್ರೂ ಕುಡೀತಾರಾ? ಹುಳ ತಿನ್ಬಾರ್ದು ಅಂತ ಬಳ್ಳಿ ತಾನೇ ಮಾಡ್ಕೊಳ್ಳೋ ವಿಷ ಅದು. ಬಿಸಿಲು, ಹುಳದ ಕಾಟ ಜಾಸ್ತಿ ಆದ್ರೆ ಕಹಿನೂ ಏರಬಹುದು."

"ಆದ್ರೆ ಬಳ್ಳಿ ತುಂಬ ಕೆಂಪು ದುಂಬಿ ಇದಾವಲ್ಲ ಡಾಕ್ಟ್ರೆ?" ಅಂದೆ.

"ಆ ಕೆಂಪು ದುಂಬಿಗೆ ಕಹಿ ಅಂದ್ರೆ ಹಬ್ಬ. ಬೇರೆ ಹುಳ ಹತ್ರ ಬರಲ್ಲ."

ಮಾವ ಕಣ್ಣು ಬಿಡದೆ ಗೊಣಗಿದರು: "ಹಂಗಾದ್ರೆ ನಾನು ಹುಳಕ್ಕಿಂತ ಕಡೆ ಆದ್ನಲ್ಲ."

ಅವರು ಗುಣವಾಗಿ ಮನೆಗೆ ಬರುವ ಮುಂಚೆಯೇ ನಾನು ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಬಳ್ಳಿಯನ್ನು ಬುಡಸಮೇತ ಕಿತ್ತೆ. ದುಂಬಿಗಳು ಕುಪ್ಪಸದೊಳಗೂ ನುಗ್ಗಿದವು. ಉಳಿದವು ಸಂಜೆಯೊಳಗೆ ಪಕ್ಕದ ಸೌತೆಬಳ್ಳಿಗೆ ಹತ್ತಿದವು. ಮುಟ್ಟುವ ಮನಸ್ಸಾಗಲಿಲ್ಲ, ಹಾಗೇ ಬಿಟ್ಟು ಒಳಗೆ ಬಂದು ಎರಡನೇ ಸಲ ಸ್ನಾನ ಮಾಡಿದೆ.