ಹದಿನೈದು ಸೆಕೆಂಡಿನ ಪುಟ

ಮೂವತ್ತೊಂಬತ್ತು ಸಾವಿರ ಎಂದದ್ದನ್ನು ಮೂವತ್ತೊಂದೂವರೆಗೆ ಇಳಿಸಿದೆ. ಮೇಲೆ ನಾಲ್ಕು ಸುರುಳಿ ಕಾಗದ ಪುಕ್ಕಟೆ. ತೊಂಬತ್ತರ ದಶಕದ ಮಧ್ಯದಲ್ಲಿ ಒಂದು ಫ್ಯಾಕ್ಸ್ ಯಂತ್ರಕ್ಕೆ ಅಷ್ಟು ದುಡ್ಡು ಸುರಿದದ್ದು ಮೊಳಕಾಲ್ಮೂರಿನ ನೇಕಾರರನ್ನು ನಂಬಿ. ಸೀರೆಯ ಹೊಸ ಅಂಚಿನ ನಕ್ಷೆಯನ್ನು ಬೆಂಗಳೂರಿನ ಅಂಗಡಿಗೆ ತೋರಿಸಬೇಕೆಂದರೆ ಅವರು ಬಸ್ಸು ಹತ್ತಿ ಹೋಗಬೇಕಿತ್ತು. ಚಳ್ಳಕೆರೆಯ ನನ್ನ ಟೆಲಿಫೋನ್ ಬೂತ್ ಚೆನ್ನಾಗಿ ನಡೆಯುತ್ತಿತ್ತು. ಮೊಳಕಾಲ್ಮೂರಿನಲ್ಲಿ ಎರಡನೆಯದನ್ನು ತೆರೆದು ಯಂತ್ರವನ್ನು ಅಲ್ಲಿಟ್ಟೆ.

ಮಾರಿದ ಏಜೆಂಟ್ ದಾವಣಗೆರೆಯವನು, ಟೈ ಕಟ್ಟಿದ್ದ. "ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್, ಸಾಹೇಬ್ರೆ. ಒಂದು ಪುಟಕ್ಕೆ ಹದಿನೈದೇ ಸೆಕೆಂಡ್." ಬಿಟ್ ಎಂದರೇನು ಎಂದು ನಾನು ಕೇಳಲಿಲ್ಲ, ದರ ಇಳಿಸುವುದರಲ್ಲೇ ಮುಳುಗಿದ್ದೆ. ಅದಕ್ಕೆ ಮುಂಚೆ ಹತ್ತು ವರ್ಷ ಶೇಂಗಾ ವ್ಯಾಪಾರ ಮಾಡಿದವನು ನಾನು. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಯಿ ಒಡೆದು ಬೀಜ ನೋಡದೆ ಒಂದು ದಿನವೂ ದರ ಮಾತಾಡಿದವನಲ್ಲ. ಅವತ್ತು ಮಾತ್ರ ಕಾಯಿ ಒಡೆಯಲಿಲ್ಲ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಪುಟಕ್ಕೆ ಹದಿನೈದೇ ಸೆಕೆಂಡ್ ಎಂದು ನೇಕಾರರಿಗೆಲ್ಲ ಸಾರಿದ್ದೆ. ಮೊದಲ ವಾರವೇ ಒಬ್ಬ ಹಿರಿಯ ನೇಕಾರರು ಗ್ರಾಫ್ ಹಾಳೆ ಹಿಡಿದು ಬಂದರು. ಅದರ ತುಂಬ ಚೌಕ ಚೌಕವಾಗಿ ಬರೆದ ಅಂಚು. ಬೆಂಗಳೂರಿನ ಖರೀದಿದಾರ ಹನ್ನೆರಡಕ್ಕೆ ಅಂಗಡಿ ಬಿಟ್ಟು ಹೊರಡುವವನು. ಅಷ್ಟರೊಳಗೆ ನಕ್ಷೆ ಮೆಚ್ಚಿದರೆ ಅರವತ್ತು ಸೀರೆಯ ಆರ್ಡರ್. ಮನೆಯ ಮೂರು ಮಗ್ಗಕ್ಕೂ ಎಂಟು ತಿಂಗಳ ಕೆಲಸ. ಆಗ ಗಂಟೆ ಹನ್ನೊಂದೂವರೆ.

"ಕೂತ್ಕೋರಿ, ಚಾ ಬರೋದ್ರೊಳಗೆ ಹೋಗಿರ್ತೈತೆ," ಎಂದೆ.

ಚಾ ಬಂತು, ತಣ್ಣಗಾಯಿತು. ಹಾಳೆ ಇರುವೆಯ ಹಾಗೆ ಒಳಗೆ ಸರಿಯುತ್ತಿತ್ತು. ನಾಲ್ಕು ನಿಮಿಷವಾಗಿ ಮುಕ್ಕಾಲು ಭಾಗ ಹೋದ ಮೇಲೆ ಲೈನ್ ಕಡಿಯಿತು. ಮತ್ತೆ ಡಯಲ್ ಮಾಡಿದರೆ ಆ ಕಡೆ ಎಂಗೇಜ್. ಹನ್ನೊಂದು ಐವತ್ತಕ್ಕೆ ಸಿಕ್ಕಿತು, ಮತ್ತೆ ಕಡಿಯಿತು. ಮೂರನೆಯ ಸಲ ಇಡೀ ಪುಟ ದಾಟುವಾಗ ಹನ್ನೆರಡು ಹತ್ತು. ಅಂಗಡಿಗೆ ಫೋನ್ ಮಾಡಿದೆ. "ಅವ್ರು ಹೊರಟ್ರು. ಬೇರೆಯವರ ಅಂಚು ಒಪ್ಕೊಂಡ್ರು," ಎಂದಿತು ಆ ಕಡೆಯ ದನಿ.

ಹಿರಿಯರು ಹಾಳೆಯನ್ನು ನಾಲ್ಕಾಗಿ ಮಡಚಿದರು. "ನಿನ್ ಹದಿನೈದು ಸೆಕೆಂಡ್ ನಂಬಿ ನಿನ್ನೆ ಬಸ್ ಬಿಟ್ಟೆ ಕಣಪ್ಪ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಚಳ್ಳಕೆರೆಯ ಬೂತಿಗೆ ನಿವೃತ್ತ ತಂತಿ ಗುಮಾಸ್ತರೊಬ್ಬರು ದಿನಾ ಪೇಪರ್ ಓದಲು ಬರುತ್ತಿದ್ದರು. ಮರುದಿನ ನಾನು ಅವರೆದುರು ಏಜೆಂಟನ ಜನ್ಮ ಜಾಲಾಡಿದೆ. ಅವರು ಕನ್ನಡಕ ತೆಗೆದರು.

"ಲೇ, ಯಂತ್ರದ ಪುಟ್ಟ ಪರದೆ ಮೇಲೆ ಏನಂತ ಬರ್ತಿತ್ತು?"

"ಎರಡು ಸಾವಿರದ ನಾನೂರು. ಯಂತ್ರದ ನಂಬರ್ ಇರಬೇಕು ಅಂದ್ಕೊಂಡೆ."

"ನಂಬರಂತೆ! ಅದೇ ನಿನ್ ವೇಗ ಕಣಯ್ಯ. ತಂತಿ ಬಡವಾಗಿದ್ರೆ ಯಂತ್ರ ತಾನೇ ಕೆಳಗಿಳೀತೈತೆ." ಪೇಪರಿನ ಅಂಚಿನಲ್ಲಿ ಬರೆಯತೊಡಗಿದರು. "ನಮ್ ಟೆಲಿಪ್ರಿಂಟರ್ ಐವತ್ತು ಬಾಡ್. ಹಂಗಂದ್ರೆ ಯಾವನಿಗೆ ತಿಳೀತೈತೆ? ನಿಮಿಷಕ್ಕೆ ಅರವತ್ತಾರು ಪದ ಅಂದ್ರೆ ತಿಳೀತೈತೆ. ಮಾರೋನ್ ಅಳತೆ ಬೇರೆ, ಕೊಳ್ಳೋನ್ ಅಳತೆ ಬೇರೆ."

ಅವರು ಬರೆದ ಲೆಕ್ಕ ಇದು: ಎಂಟು ಬಿಟ್ ಸೇರಿದರೆ ಒಂದು ಅಕ್ಷರ. ಏಜೆಂಟ್ ಹೇಳಿದ ಒಂಬತ್ತು ಸಾವಿರದ ಆರುನೂರು ಎಂದರೆ ಸೆಕೆಂಡಿಗೆ ಸಾವಿರದ ಇನ್ನೂರು ಅಕ್ಷರ. ನನ್ನ ತಂತಿಯಲ್ಲಿ ಸಿಕ್ಕಿದ್ದು ಅದರ ಕಾಲು ಪಾಲು, ಬರೀ ಮುನ್ನೂರು. ಹದಿನೈದು ಸೆಕೆಂಡ್ ಅಲ್ಲೇ ಒಂದು ನಿಮಿಷವಾಯಿತು. ಆ ಹದಿನೈದು ಕೂಡ ಅರ್ಧ ಖಾಲಿ ಇರುವ ಟೈಪ್ ಮಾಡಿದ ಪತ್ರದ ಲೆಕ್ಕ. ಬಿಳಿ ಜಾಗವನ್ನು ಯಂತ್ರ ಹಾರಿಸಿಕೊಂಡು ಹೋಗುತ್ತದೆ. ಗ್ರಾಫ್ ಹಾಳೆಯಲ್ಲಿ ಹಾರಲು ಜಾಗವೆಲ್ಲಿ? ಮತ್ತೆ ನಾಲ್ಕೈದು ಪಟ್ಟು.

ಹಾಳೆಯನ್ನು ಹಿರಿಯರಿಂದ ಕೇಳಿ ಪಡೆದು ದಾವಣಗೆರೆಗೆ ಹೋದೆ.

"ನಿಮ್ ಲೈನ್ ಸರಿ ಇಲ್ಲ ಸಾರ್," ಎಂದ ಏಜೆಂಟ್.

"ಹಂಗಾದ್ರೆ ನಿನ್ ಲೈನ್‌ನಾಗೆ ಕಳ್ಸು." ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ. ಅವನ ಒಳ್ಳೆಯ ಲೈನಿನಲ್ಲೂ ಒಂದು ನಿಮಿಷ ಹತ್ತು ಸೆಕೆಂಡ್. "ನಾನು ಕಳ್ಸೋದು ಸೀರೆ ಅಂಚು ಅಂತ ನಿಂಗೆ ಗೊತ್ತಿತ್ತೋ ಇಲ್ವೋ ಭಾಯ್?"

"ಗೊತ್ತಿತ್ತು. ನೀವು ರೇಟ್ ಬಿಟ್ಟು ಬೇರೇನೂ ಕೇಳ್ಲಿಲ್ವಲ್ಲ ಸಾರ್."

ಯಂತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅವನ ಮಾತು ನಿಜವಾಗಿತ್ತು ಎಂಬ ಸಿಟ್ಟು ಅದಕ್ಕಿಂತ ದೊಡ್ಡದು. ಬೂತಿನಲ್ಲಿ 'ಪತ್ರಕ್ಕೆ ಒಂದು ನಿಮಿಷ, ನಕ್ಷೆಗೆ ಐದು, ಲೈನ್ ಕಡಿಯಬಹುದು' ಎಂದು ಬೋರ್ಡ್ ಬರೆಸಿದೆ. ಬೇರೆ ನೇಕಾರರು ಬಂದರು. ಆ ಹಿರಿಯರು ಮಾತ್ರ ಬರಲಿಲ್ಲ. ಹಾಳೆ ಹಿಂದಿರುಗಿಸಲು ಮನೆಗೆ ಹೋದಾಗ ಮೂರರಲ್ಲಿ ಎರಡು ಮಗ್ಗ ಸುಮ್ಮನಿದ್ದವು.

ಕೆಲವು ವರ್ಷಗಳ ಮೇಲೆ ಇಂಟರ್ನೆಟ್ ಮಾರಲು ಬಂದವನು "ಸೆಕೆಂಡಿಗೆ ಐನೂರ ಹನ್ನೆರಡು ಕಿಲೋಬಿಟ್" ಎಂದ. "ಎಂಟರಿಂದ ಭಾಗಿಸಿ ಹೇಳು," ಎಂದೆ. ಅರವತ್ನಾಲ್ಕು ಎನ್ನುವಾಗ ಅವನ ದನಿ ಇಳಿದಿತ್ತು.

ನೀವೂ ಹಾಗೇ ಮಾಡಿ. ಸೆಕೆಂಡಿಗೆ ಇಷ್ಟು ಬಿಟ್ ಎಂದು ಯಾರೇ ಹೇಳಲಿ, ಎಂಟರಿಂದ ಭಾಗಿಸಿ. ಆಮೇಲೆ ನಿಮ್ಮ ಲೈನಿನಲ್ಲಿ, ನಿಮ್ಮದೇ ಕಾಗದವನ್ನು, ನಿಮ್ಮದೇ ಗಡಿಯಾರ ಹಿಡಿದು ಕಳುಹಿಸಿ ನೋಡಿ. ಚೌಕಾಸಿ ಏನಿದ್ದರೂ ಅದಾದ ಮೇಲೆ. ಹನ್ನೆರಡಕ್ಕೆ ಮುಟ್ಟಲೇಬೇಕಾದ್ದು ಇದ್ದರೆ, ಯಾರ ಯಂತ್ರವನ್ನೂ ನಂಬಿ ಹಿಂದಿನ ದಿನದ ಬಸ್ಸು ಬಿಡಬೇಡಿ.